ನಿಂತ ಲಾರಿಗೆ ಹಗಲುಗಥೆ

ನಮ್ಮ ನಾನಿ ಹಗಲು ಹೊತ್ತು ಕಥೆ ಹೇಳುವುದಿಲ್ಲ. ಹಗಲು ಕಥೆ ಹೇಳಿದರೆ ದಾರಿಯಲ್ಲಿ ಹೋಗುತ್ತಿರುವವರು ದಾರಿ ತಪ್ಪುತ್ತಾರೆ ಎನ್ನುವುದು ಅವಳ ನಂಬಿಕೆ. ಬೇರೆಯವರ ಮನೆಯಲ್ಲಿ ಇದು ಮಕ್ಕಳನ್ನು ಸುಮ್ಮನಾಗಿಸಲು ಹೇಳುವ ಮಾತಿರಬಹುದು. ನಮ್ಮ ಮನೆಯಲ್ಲಿ ಹಾಗಲ್ಲ. ನಮ್ಮವನೊಬ್ಬ ಯಾವಾಗಲೂ ದಾರಿಯ ಮೇಲೆಯೇ ಇರುತ್ತಾನೆ. ನಾನಿಯ ಮಗ, ನನ್ನ ಅಫ್ಸರ ಮಾಮು, ಇಳಕಲ್ಲಿನಲ್ಲಿ ಪಾಲಿಶ್ ಆದ ಗ್ರಾನೈಟ್ ಕಲ್ಲು ಹೇರಿಕೊಂಡು ಹುಬ್ಬಳ್ಳಿ ದಾಟಿ ಕಾರವಾರದ ಕಡೆ ಹೋಗುವ ಲಾರಿ ನಡೆಸುತ್ತಾನೆ.

ಅಬ್ಬಾ ತೀರಿಕೊಂಡ ಮೇಲೆ ಅಮ್ಮಿ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಕೆರೂರಿನ ತವರಿಗೆ ಬಂದವಳು. ಅವಳು ಉರ್ದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ದಣಿದು ಮಲಗಿದರೆ, ನನ್ನನ್ನು ಮಲಗಿಸುವ ಕೆಲಸ ನಾನಿಯದು. ಮನೆಯಲ್ಲಿ ನಾವು ಉರ್ದು ಕನ್ನಡ ಎರಡನ್ನೂ ಕಲಸಿ ಮಾತಾಡುತ್ತೇವೆ. ನಾನಿಯ ಕಥೆಗಳು ಮಾತ್ರ ಪೂರ್ತಿ ಕನ್ನಡದವು. ಹರೆಯದಲ್ಲಿ ಪಕ್ಕದ ಮನೆಯ ಸುಂದರವ್ವನ ಜೊತೆ ಹೊಲಕ್ಕೆ ಕಳೆ ತೆಗೆಯಲು ಹೋಗಿ, ಹೊತ್ತು ಮುಳುಗಿದ ಮೇಲೆ ಮನೆಗೆ ನಡೆದು ಬರುವಾಗ ಹಿರಿಯ ಹೆಂಗಸರಿಂದ ಕೇಳಿ ಕಲಿತವು.

ಆ ಕಥೆಗಳ ನಡಿಗೆಯೇ ಬೇರೆ. ರಾಜಕುಮಾರಿ ಸರದಿಂದ ಉದುರಿದ ಒಂದು ಮುತ್ತನ್ನು ಹುಡುಕಲು ಇಡೀ ಸಂಜೆ ಬೇಕಾಗುತ್ತಿತ್ತು. ಮುತ್ತು ಯಾವ ಮಂಚದ ಕೆಳಗೆ ಹೋಯಿತು, ಯಾವ ಇಲಿ ಅದನ್ನು ಮೂಸಿ ಬಿಟ್ಟಿತು, ಎಲ್ಲ ಬರುತ್ತಿತ್ತು. ಆದರೆ ಅದೇ ರಾಜಕುಮಾರಿ ಕಾಡು ಸೇರಿದರೆ, "ಮುಂದ ಹನ್ನೆರಡು ವರ್ಷ ಆತು" ಎಂದು ನಾನಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ದಾಟಿಬಿಡುತ್ತಿದ್ದಳು. "ಹನ್ನೆರಡು ವರ್ಷ ಆಕಿ ಏನ ತಿಂದ್ಳು ನಾನಿ?" ಎಂದು ನಾನೊಮ್ಮೆ ಕೇಳಿದ್ದೆ. "ಕಥಿಗೆ ಬೇಕಾಗಿದ್ರ ನಾನ ಹೇಳ್ತಿದ್ದಿಲ್ಲೇನು? ಬಾಯಿ ಮುಚ್ಚಿ ಕೇಳು" ಎಂದಿದ್ದಳು.

ಆ ನಾನಿ ಈ ಸಲದ ಚಳಿಗಾಲದಲ್ಲಿ ಬಚ್ಚಲಮನೆಯಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಮುಂಜಾನೆ ಇನ್ನೂ ಮಬ್ಬು, ನೆಲ ಒದ್ದೆ. ಆ ನೆಲಕ್ಕೆ ಹಾಸಿದ್ದು ಮಾಮು ಇಳಕಲ್ಲಿನಿಂದ ತಂದ ಕೆಂಪು ಕಲ್ಲು. ಕನ್ನಡಿಯ ಹಾಗೆ ಮುಖ ಕಾಣುವಷ್ಟು ಹೊಳಪು. ಇಳಕಲ್ಲಿನವರಿಗೆ ಹೊಳೆಯುವ ಮೈ ಕೆಳಗಾಗುವಂತೆ ಕಲ್ಲು ಹಾಸುವುದೆಂದರೆ ಒಳ್ಳೆಯ ಸೀರೆಯನ್ನು ತಿರುವಿ ಉಟ್ಟ ಹಾಗೆ. ತಾಯಿಯ ಬಚ್ಚಲಮನೆಗಾದರೂ ಹೊಳಪೇ ಮೇಲಿರಬೇಕು.

ಬಾಗಲಕೋಟೆಯ ದವಾಖಾನೆಯಲ್ಲಿ ಮೂಳೆಯೊಳಗೆ ರಾಡು ಕೂಡಿಸಿ ಕಳಿಸಿದರು. ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ವಾಕರು ಹಿಡಿದು ದಿನಾ ನಡೆಯಬೇಕು, ಕಾಲಿನ ಮೇಲೆ ಭಾರ ಬೀಳಬೇಕು, ಚೆನ್ನಾಗಿ ಬೆಳಕಿರುವಾಗ ಮಾತ್ರ. ಮಲಗಿಯೇ ಇದ್ದರೆ ಮೂಳೆ ಸವೆಯುತ್ತ ಹೋಗಿ ಹಾಸಿಗೆಯೇ ಗತಿಯಾಗುತ್ತದೆ. ಮುಂದಿನ ತಪಾಸಣೆಯಲ್ಲಿ ಎಕ್ಸ್-ರೇ ನೋಡಿ ಉಳಿದದ್ದು ಹೇಳುತ್ತೇನೆ ಎಂದರು.

ನಾನಿಗೆ ಬೇಕಾಗಿದ್ದುದೂ ದೊಡ್ಡದೇನಲ್ಲ. ಬೀಳುವ ಮೊದಲು ಅವಳು ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ಹೆದ್ದಾರಿಯ ಬೇವಿನ ಮರದ ತನಕ ಹೋಗುತ್ತಿದ್ದಳು. ಮಾಮುವಿನ ಲಾರಿ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು. ಗಂಟು ಕೊಟ್ಟು, ಮಗನ ಮುಖ ನೋಡಿ ಬರುತ್ತಿದ್ದಳು. ಆ ಮರದವರೆಗೆ ಮತ್ತೊಮ್ಮೆ ನಡೆಯಬೇಕೆಂಬುದು ಅವಳ ಆಸೆ. ಆದರೆ ನಡುಮನೆಯ ಹೊಸ್ತಿಲ ಹತ್ತಿರ ಬಂದದ್ದೇ ಅವಳ ಕಾಲುಗಳು ನಿಂತುಬಿಡುತ್ತಿದ್ದವು.

"ಮುರದದ್ದನ್ನ ಅಲ್ಲಾಡಸಬಾರದವಾ. ಕೂಡಿದ ಮ್ಯಾಲೆ ನಡೀತೇನಿ."

"ನಡದ್ರ ಕೂಡತೈತಿ ನಾನಿ."

"ಹೌದವಾ, ಓಡಿದ್ರ ಇನ್ನೂ ಲಗೂ ಕೂಡತೈತಿ" ಎಂದು ಮುಖ ತಿರುವುತ್ತಿದ್ದಳು.

ನಾನು ಓದುತ್ತಿರುವುದೂ ಮೂಳೆಯನ್ನೇ, ಇದೊಂದು ವಿಚಿತ್ರ. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮುರಿದ ತೊಡೆಮೂಳೆ ಹೇಗೆ ಕೂಡುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ ತೋರಿಸುವುದು ನನ್ನ ಪ್ರಾಜೆಕ್ಟು. ನಾನಿ ಬೀಳುವ ಮೊದಲೇ ಆರಿಸಿಕೊಂಡ ವಿಷಯ. ಬಿದ್ದ ಮೇಲೆ ಪರದೆಯ ಮೇಲಿನ ಮೂಳೆಯನ್ನು ನೋಡುವಾಗ ಕಣ್ಣು ತುಂಬುವುದು ಶುರುವಾಯಿತು.

ಮೂಳೆ ಒಂದೇ ವಸ್ತುವಲ್ಲ, ಒಂದರೊಳಗೊಂದು ಇರುವ ಲೋಕಗಳು. ನಮ್ಮ ಶಾಸ್ತ್ರದಲ್ಲಿ ಅವನ್ನು ಸ್ಕೇಲ್ ಎನ್ನುತ್ತಾರೆ. ಕಥೆ ಕೇಳಿ ಬೆಳೆದ ನನಗೆ ಲೋಕ ಎನ್ನುವುದೇ ಸರಿ ಅನ್ನಿಸುತ್ತದೆ. ಮೇಲಿನದು ಕೈಯಲ್ಲಿ ಹಿಡಿಯಬಹುದಾದ ಇಡೀ ಮೂಳೆ. ಅದರ ತಲೆಯನ್ನು ಸೀಳಿದರೆ ಒಣಗಿದ ಹೀರೇಕಾಯಿಯ ಒಳಗಿನಂಥ ಜಾಲ. ಆ ಜಾಲದ ಎಳೆ ಎಳೆಯಲ್ಲಿ ಕಣ್ಣಿಗೆ ಕಾಣದ ಕೋಶಗಳು. ಕೆಲವು ಹಳೆಯ ಮೂಳೆಯನ್ನು ಕೆರೆದು ತಿನ್ನುತ್ತವೆ, ಕೆಲವು ಹೊಸದನ್ನು ಮೆತ್ತುತ್ತವೆ. ಇನ್ನು ಕೆಲವು ಮೂಳೆಯೊಳಗೇ ಹೂತುಕೊಂಡು, ಮೇಲೆ ಬೀಳುವ ಭಾರವನ್ನು ಆಲಿಸುತ್ತ ಕೂತಿರುತ್ತವೆ. ಮೇಲಿನ ಲೋಕದಲ್ಲಿ ಒಂದು ಹೆಜ್ಜೆ ಕ್ಷಣದಲ್ಲಿ ಮುಗಿಯುತ್ತದೆ. ಕೆಳಗಿನ ಲೋಕದಲ್ಲಿ ಒಂದು ಸಣ್ಣ ಗುಂಡಿ ತುಂಬಲು ತಿಂಗಳುಗಳು ಬೇಕು.

ನನ್ನ ಮಾದರಿ ಹಾಳಾಗುತ್ತಿದ್ದುದು ಅಲ್ಲಿಯೇ. ನನ್ನ ಗೈಡು ರಮಾಬಾಯಿ ಮೇಡಂ ಪರದೆಗೆ ಮುಖ ಹಚ್ಚಿ ನೋಡಿದರು.

"ಏನವಾ ಆಫ್ರೀನ, ಇದು ಮೂಳಿನೋ ಕುಂಬಳಕಾಯಿನೋ?"

"ನಿನ್ನೆ ನೀರಾಗ ಹಾಕಿದ ಹಪ್ಪಳದಂಗ ಕರಗಿತ್ರಿ ಮೇಡಂ. ಇವತ್ತ ಹಿಂಗ ಉಬ್ಬೇತಿ."

ಅವರು ನನ್ನ ಪ್ರೋಗ್ರಾಮಿನ ಕೋಡು ಓದಿದರು. ಓದುವಾಗ ಕನ್ನಡಕದ ಕಡ್ಡಿ ಕಚ್ಚುವುದು ಅವರ ರೂಢಿ.

"ಒಂದೊಂದು ಹೆಜ್ಜಿ ಬಿದ್ದಾಗೂ ಎಲ್ಲಾ ಕೋಶಗಳನ್ನ ಎಬ್ಬಿಸಿ, ಕಟ್ಟರಿ, ಕಟ್ಟರಿ, ಎಷ್ಟ ಕಟ್ಟೀರಿ ತೋರಸರಿ ಅಂತೀದಿ. ಹುಚ್ಚ ಹಿಡಿಯಂಗಿಲ್ಲೇನು ಅವಕ್ಕ? ಹೆಜ್ಜಿದು ಕ್ಷಣದ ಲೆಕ್ಕ, ಅವುಗಳದು ತಿಂಗಳ ಲೆಕ್ಕ. ನೀ ಎರಡನ್ನೂ ಒಂದ ಗಡಿಯಾರಕ್ಕ ಕಟ್ಟೀದಿ. ಮೊದಲ ಬ್ಯಾರೆ ಮಾಡು. ಯಾವುದು ಎಷ್ಟ ದೊಡ್ಡದು, ಯಾವುದು ಎಷ್ಟ ಲಗೂ, ನಡಕ ಗೆರಿ ಎಳಿ."

"ಬ್ಯಾರೆ ಮಾಡಿದ್ರ ಒಂದರ ಸುದ್ದಿ ಇನ್ನೊಂದಕ್ಕ ಹೆಂಗ ಮುಟ್ಟತೈತ್ರಿ?"

"ಅದ ನೋಡು ಪ್ರಶ್ನಿ" ಎಂದು ಅವರು ಎದ್ದು ಹೋದರು. ಉತ್ತರ ಹೇಳದೇ ಹೋಗುವುದೂ ಅವರ ರೂಢಿ.

ಮನೆಯಲ್ಲಿಯೂ ನಾನು ಅದನ್ನೇ ಮಾಡುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ನಾನಿಗೆ ವಾಕರು ಹಿಡಿಸುತ್ತಿದ್ದೆ. ಅವಳು ಒಂದು ಹೆಜ್ಜೆ ಇಟ್ಟರೆ ಸಾಕು, "ಹೆಂಗನಸ್ತೈತಿ? ನಿನ್ನಿಕಿಂತ ಚಲೋ ಐತಿಲ್ಲ?" ಎಂದು ಕೇಳುತ್ತಿದ್ದೆ. ಇನ್ನೊಂದು ಇಟ್ಟರೆ ಮತ್ತೆ ಅದೇ. ಕೊನೆಗೊಂದು ದಿನ ನಾನಿ ವಾಕರನ್ನು ಗೋಡೆಗೆ ಒರಗಿಸಿ ಮಂಚದ ಮೇಲೆ ಕೂತುಬಿಟ್ಟಳು.

"ನಿನ್ನಿಗೂ ಇವತ್ತಿಗೂ ಏನ ಫರಕ ಇರತೈತವಾ? ನಾ ಏನ ಒಲಿ ಮ್ಯಾಲಿನ ಅನ್ನೇನು, ಸೌಟ ಹಾಕಿ ಹಾಕಿ ನೋಡಾಕ?"

ಮರುದಿನ ಅವಳು ಏಳಲೇ ಇಲ್ಲ. ಅದರ ಮರುದಿನವೂ ಇಲ್ಲ. ಅಮ್ಮಿ ಬೇಡಿಕೊಂಡಳು, ನಾನು ಸಿಟ್ಟು ಮಾಡಿದೆ. ನಾನಿ ಗೋಡೆಯ ಕಡೆ ತಿರುಗಿ ತಸಬಿಯ ಮಣಿ ಎಣಿಸುತ್ತಿದ್ದಳು. ಸುಂದರವ್ವ ಎಲೆಅಡಿಕೆ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕೂತು ಒಳಗೆ ಇಣುಕಿದಳು.

"ಏನ ಖೈರವ್ವ, ರಾಣಿಯಾರು ಮಂಚ ಬಿಟ್ಟ ಇಳಿಯಂಗಿಲ್ಲಂತ?"

"ನೀನೂ ಬಂದ್ಯಾ? ನೀ ಒಬ್ಬಾಕಿ ಕಡಿಮಿ ಇದ್ದಿ."

"ಏ ಹುಡುಗಿ, ಕಾಲಿಗೆ ಹೇಳಿದ್ರ ಈಕಿ ಕೇಳಾಕಿ ಅಲ್ಲ" ಎಂದು ಸುಂದರವ್ವ ನನಗೆ ಹೇಳಿದಳು. "ಹೊಲದಿಂದ ಬರುವಾಗ ನಮ್ಮ ಕಾಲು ಸತ್ತ ಹೋಗಿರ್ತಿದ್ದು. ಈಕಿ ಕಥಿ ಹಿಡದ್ಳಂದ್ರ ಮನಿ ಬಂದದ್ದ ಗೊತ್ತ ಆಗ್ತಿದ್ದಿಲ್ಲ. ಈಕಿ ಬಾಯಿ ನಡೀಬೇಕು, ಅಂದ್ರ ಕಾಲು ನಡೀತಾವ."

ನನಗೆ ಹೊಳೆಯಿತು. ಆದರೆ ಕತ್ತಲಲ್ಲಿ ನಡೆಸುವ ಹಾಗಿಲ್ಲ, ಬೆಳಕಿನಲ್ಲಿ ಅವಳು ಕಥೆ ಹೇಳುವ ಹಾಗಿಲ್ಲ.

"ನಾನಿ, ಒಂದ ಕಥಿ. ಸಣ್ಣದು."

"ಹಗಲ ಹೊತ್ತನ್ಯಾಗ? ನಿಮ್ಮ ಮಾಮು ರಸ್ತೆ ಮ್ಯಾಲೆ ಅದಾನ."

ಇನ್ನು ಮಾಮುವಿನ ಮಾತು ಹೇಳಬೇಕು. ಅವನ ಹೆಂಡತಿ ಮಕ್ಕಳು ಇಳಕಲ್ಲಿನಲ್ಲಿದ್ದಾರೆ. ಆದರೂ ಕೆರೂರು ದಾಟುವಾಗ ತಾಯಿಯನ್ನು ನೋಡದೆ ಹೋದವನಲ್ಲ. ನಾನಿ ಬಿದ್ದ ಮೇಲೆ ದವಾಖಾನೆಗೆ ಬಂದು, ಬಾಗಿಲಲ್ಲಿ ನಿಂತು, ಬ್ಯಾಂಡೇಜಿನ ಕಾಲು ನೋಡಿ ಹಾಗೆಯೇ ಹೊರಗೆ ಹೋದವನು ಮತ್ತೆ ಮನೆಗೆ ಬಂದಿರಲಿಲ್ಲ. ಹಣ್ಣು, ಔಷಧಿ ತಂದರೆ ಹೆದ್ದಾರಿಯ ಹುಲ್ಲಪ್ಪನ ಚಹಾದಂಗಡಿಯಲ್ಲಿ ಕೊಟ್ಟು ಹೋಗುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ. ಬಚ್ಚಲಮನೆಯ ಕೆಂಪು ಕಲ್ಲಿನ ಮೇಲೆ ಅಮ್ಮಿ ಗೋಣಿಚೀಲ ಹಾಸಿದ್ದಳು.

ನಾನು ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಇಂಜಿನ್ನಿನ ಸದ್ದಿನ ನಡುವೆ ಮಾಮುವಿನ ದನಿ ಬಂತು. ವಿಷಯ ಹೇಳಿದೆ.

"ಅಮ್ಮಾ, ಹೇಳ ನೀ. ನನ್ನ ಫೋನಿನ್ಯಾಗ ದಾರಿ ತೋರಸಾಕಿ ಒಬ್ಬಾಕಿ ಅದಾಳ. ಎಡಕ್ಕ ಹೋಗು, ಬಲಕ್ಕ ಹೋಗು ಅಂತ ಹೇಳ್ತಾಳ. ತಪ್ಪಂಗಿಲ್ಲ."

"ಆಕಿನೂ ನಿನ್ನ ಜೋಡಿ ದಾರಿ ಮ್ಯಾಗ ಅದಾಳಿಲ್ಲ? ಆಕಿನೂ ತಪ್ತಾಳ."

ಸುಂದರವ್ವ ನಕ್ಕಳು. ಆಮೇಲೆ ಇಂಜಿನ್ನಿನ ಸದ್ದು ಇಳಿಯಿತು, ಬ್ರೇಕಿನ ಗಾಳಿ ಬುಸ್ಸೆಂದಿತು.

"ಹಂಗಾರ ನಾ ನಿಂತ್ನಿ ನೋಡು. ನಿಂತಾಂವ ದಾರಿ ಹೆಂಗ ತಪ್ತಾನ?"

ನಾನಿ ಗೋಡೆಯಿಂದ ಇತ್ತ ತಿರುಗಿದಳು. ಇದು ಅವಳಿಗೆ ಯಾರೂ ಹೇಳಿರದ ಮಾತು. ತಸಬಿ ಹಿಡಿದ ಬೆರಳು ನಿಂತಿತ್ತು.

"ಇಂಜಿನ್ ಬಂದ ಮಾಡೀಯೇನು?"

"ಮಾಡೇನಿ."

"ಕೇಳಸು."

ಮಾಮು ಫೋನನ್ನು ಕಿಟಕಿಯ ಹೊರಗೆ ಹಿಡಿದಿರಬೇಕು. ಯಾವುದೋ ಅಂಗಡಿಯಲ್ಲಿ ಗ್ಲಾಸು ತೊಳೆಯುವ ಸದ್ದು, ಒಂದು ಕಾಗೆ. ನಾನಿ ಕಿವಿಗೊಟ್ಟು ಕೇಳಿದಳು.

"ಎಲ್ಲಿ ಅದಿ?"

"ಕುಳಗೇರಿ ಕ್ರಾಸಿನ್ಯಾಗ. ಚಹಾ ಕುಡೀತೇನಿ. ಕುಡದ ಮುಗಿಯೂತನ ನಿಂದ ಹೊತ್ತು."

"ಸಾವಕಾಶ ಕುಡಿ ಮತ್ತ" ಎಂದು ನಾನಿ ಕಾಲು ಮಂಚದಿಂದ ಕೆಳಗಿಳಿಸಿದಳು.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಬೆಳಿಗ್ಗೆ ಚಹಾಕ್ಕೆ ಲಾರಿ ನಿಲ್ಲಿಸಿದಾಗ ಮಾಮು ಫೋನು ಮಾಡುತ್ತಿದ್ದ. ಒಂದು ದಿನ ಅಮೀನಗಡ, ಒಂದು ದಿನ ಹುನಗುಂದ, ಒಂದು ದಿನ ನವಲಗುಂದದ ಆಚೆ. ನಾನು ಫೋನನ್ನು ಹಳೆಯ ಬಟ್ಟೆಯ ಚೀಲದಲ್ಲಿ ಹಾಕಿ ವಾಕರಿಗೆ ನೇತುಹಾಕುತ್ತಿದ್ದೆ. ನಾನಿ ಮೊದಲು ಇಂಜಿನ್ನಿನ ಸದ್ದು ಇಲ್ಲವೆಂದು ಖಾತ್ರಿ ಮಾಡಿಕೊಂಡು ನಡೆಯುತ್ತಿದ್ದಳು, ನಡೆಯುತ್ತ ಹೇಳುತ್ತಿದ್ದಳು. ಮಾಮು "ಹೂಂ" ಅನ್ನುತ್ತಿದ್ದ. ಚಹಾ ಮುಗಿದರೆ ಕಥೆ ಎಲ್ಲಿದ್ದರೂ ಅಲ್ಲಿಗೇ ನಿಲ್ಲುತ್ತಿತ್ತು.

ಕಥೆ ಯಾವುದೆಂದರೆ, ನನ್ನ ಮೂಳೆಯದೇ. ಹಿಂದೊಂದು ಸಂಜೆ ಕೋಶಗಳ ವಿಷಯ ಹೇಳಿ ಅವಳನ್ನು ನಡೆಯಲು ಒಪ್ಪಿಸಲು ನೋಡಿದ್ದೆ. ಆಗ ಆಕಳಿಸಿದ್ದಳು. ಈಗ ಅದನ್ನು ತನ್ನದು ಮಾಡಿಕೊಂಡಿದ್ದಳು.

"ಒಂದೂರಾಗ ಒಬ್ಬಾಕಿ ರಾಣಿ. ಆಕಿ ಅರಮನಿಗೆ ಒಂದ ದೊಡ್ಡ ಕಂಬ. ಆ ಕಂಬದಾಗ ಸಣ್ಣ ಸಣ್ಣ ಮಂದಿ ಇದ್ರು. ಹೊರಗ ಏನೈತಿ ಅಂತ ಒಬ್ಬರೂ ನೋಡಿದಾವರಲ್ಲ. ಕೆಲವರು ಕೆರಿಯಾವರು, ಕೆಲವರು ಮೆತ್ತಾವರು. ಇನ್ನ ಕೆಲವರು ಗ್ವಾಡಿಗೆ ಕಿವಿ ಹಚ್ಚಿ ರಾಣಿ ಹೆಜ್ಜಿ ಕೇಳಾವರು. ಹೆಜ್ಜಿ ಕೇಳಿದ್ರ, ರಾಣಿ ಅದಾಳ, ಮೆತ್ತರಿ ಅಂತಿದ್ರು. ಒಂದಿನ ರಾಣಿ ಸಿಟ್ಟ ಮಾಡಿ ಮಕ್ಕೊಂಡ್ಳು…"

"ಯಾರ ಮ್ಯಾಲೆ ಸಿಟ್ಟು?" ಮಾಮು ಕೇಳಿದ.

"ಮೊಮ್ಮಗಳ ಮ್ಯಾಲೆ. ನಡಕ ಬಾಯಿ ಹಾಕಬ್ಯಾಡ. ಹೆಜ್ಜಿ ಸಪ್ಪಳ ಇಲ್ಲ. ಕಿವಿ ಹಚ್ಚಿದಾವರು ಅಂದ್ರು, ಅರಮನಿ ಖಾಲಿ ಐತಿ, ಕಂಬ ಯಾಕ ಬೇಕು, ಕೆರಕೊಂಡ ಹೋಗರಿ."

ಇಷ್ಟು ಹೇಳುವಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು. ನಾನು ಈ ಸಲ ಹೇಗನ್ನಿಸುತ್ತದೆ ಎಂದು ಕೇಳಲಿಲ್ಲ.

ಅವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ಗದ್ದನಕೇರಿಯ ಹತ್ತಿರ ಕಲ್ಲು ಹೇರಿದ ಲಾರಿಯೊಂದು ಎದುರಿಗೆ ಬಂತು. ಲಾರಿ ದಿನವಿಡೀ ಓಡುತ್ತದೆ. ಆಗ ಕಥೆ ನಿಂತಿರುತ್ತದೆ. ಲಾರಿ ನಿಂತಾಗ ಕಥೆ ಮುಂದೆ ಹೋಗುತ್ತದೆ. ಎರಡೂ ಒಟ್ಟಿಗೆ ಓಡುವುದಿಲ್ಲ, ಒಂದು ಚಹಾದ ಹೊತ್ತಿನಲ್ಲಿ ಭೇಟಿಯಾಗುತ್ತವೆ, ಅಷ್ಟೇ. ಮತ್ತೆ ಬೇಕಾದರೆ ಕಥೆ "ಹನ್ನೆರಡು ವರ್ಷ ಆತು" ಎಂದು ದಾಟುತ್ತದೆ. ಲಾರಿಯ ಚಕ್ರ ಎಷ್ಟು ಸಲ ತಿರುಗಿತು ಎಂಬುದು ಕಥೆಗೆ ಬೇಕಾಗಿಲ್ಲ.

ಲ್ಯಾಬಿಗೆ ಹೋದವಳೇ ಕೋಡು ಬದಲಿಸಲು ಕೂತೆ. ಹೆಜ್ಜೆಗಳ ಗಡಿಯಾರ ಓಡುವಾಗ ಮೂಳೆ ಬದಲಾಗದೇ ನಿಂತಿರಲಿ. ಒಂದಿಷ್ಟು ನಡೆದ ಮೇಲೆ ಹೆಜ್ಜೆಗಳು ನಿಲ್ಲಲಿ. ಬಿದ್ದ ಭಾರದ ಸರಾಸರಿಯೊಂದನ್ನೇ ಕೆಳಗಿನ ಲೋಕಕ್ಕೆ ಕಳಿಸಲಿ. ಕೋಶಗಳು ತಮ್ಮ ಗಡಿಯಾರದಲ್ಲಿ, ವಾರಗಳನ್ನು ಒಂದೇ ಉಸಿರಿನಲ್ಲಿ ದಾಟಿ, ಕಟ್ಟಿದ್ದನ್ನು ಮೇಲಕ್ಕೆ ತಿಳಿಸಲಿ. ಆಮೇಲೆ ಮತ್ತೆ ಹೆಜ್ಜೆ. ಸಂಜೆಯ ಹೊತ್ತಿಗೆ ಪರದೆಯ ಮೇಲಿನ ಮೂಳೆ ಮೂಳೆಯ ಹಾಗೆಯೇ ನಿಂತಿತು.

"ಗೆರಿ ಎಲ್ಲಿ ಎಳೀಬೇಕಂತ ಹೆಂಗ ಗೊತ್ತಾತು?" ರಮಾಬಾಯಿ ಮೇಡಂ ಕೇಳಿದರು.

"ಲಾರಿ ಒಂದ ಚಹಾದಿಂದ ಇನ್ನೊಂದ ಚಹಾಕ್ಕ ಹೋಗೂದ್ರಾಗ ಮೂಳಿ ಎಷ್ಟ ಬದಲಾಗತೈತಿ ಅಂತ ನೋಡಿದ್ನಿರಿ. ಏನೂ ಆಗಂಗಿಲ್ಲ. ಅದಕ್ಕ ಅದನ್ನ ನಿಲ್ಲಿಸಿಟ್ರ ತಪ್ಪಿಲ್ಲ ಅನಸ್ತು."

"ಯಾವ ಲಾರಿ?"

ನಾನು ಎಲ್ಲ ಹೇಳಿದೆ. ಮೇಡಂ ಕನ್ನಡಕದ ಕಡ್ಡಿ ಕಚ್ಚುವುದನ್ನು ಮರೆತು ಕೇಳಿದರು. ಆಮೇಲೆ ಪರದೆಯ ಮೇಲೆ ಮೂಳೆ ಮುರಿದ ಜಾಗಕ್ಕೆ ಬೆರಳು ಇಟ್ಟರು.

"ಉಳಿದ ಕಡೆ ಸರಿ ಐತಿ. ಇಲ್ಲಿ ನೋಡು. ಮುರಿದ ಜಾಗಾದಾಗ ಹೊಸಾ ಮೂಳಿ ಲಗೂ ಲಗೂ ಬದಲಾಗತೈತಿ. ಇಲ್ಲಿ ಅಷ್ಟ ದಿನ ಬಿಟ್ಟ ಭೇಟಿ ಆದ್ರ ಸಾಲಂಗಿಲ್ಲ. ಮುರಿದಲ್ಲಿ ಮಾತ್ರ ಇನ್ನೂ ಹತ್ತಿರ ಹತ್ತಿರ ಭೇಟಿ ಆಗಬೇಕು."

ಅವರು ಹೇಳಿದ್ದು ಮೂಳೆಯ ಮಾತು. ನನಗೆ ಮಾತ್ರ ಹುಲ್ಲಪ್ಪನ ಅಂಗಡಿಯಲ್ಲಿ ಹಣ್ಣಿನ ಚೀಲ ಇಟ್ಟು ಹೋಗುವ ಮಾಮು ಕಣ್ಣೆದುರು ಬಂದ. ಸಂಜೆ ಬಸ್ಸಿಳಿದು, ಮನೆಗೆ ಹೋಗುವ ಮೊದಲು ಅವನಿಗೆ ಫೋನು ಮಾಡಿದೆ.

"ಮಾಮು, ಫೋನ ಸಾಕಾಗವಲ್ದು. ನೀ ಬರಬೇಕು."

"ಯಾವ ಮಾರಿ ಹೊತ್ತ ಬರ್ಲಿ ಬೇಟಾ? ಕಲ್ಲು ನಾನ ತಂದದ್ದು."

"ಅದನ್ನ ನಾನಿ ಮುಂದ ಹೇಳು. ನನ್ನ ಮುಂದ ಬ್ಯಾಡ."

ಅತ್ತ ಇಂಜಿನ್ನು ಗುರ್ರೆಂದಿತು, ಫೋನು ಕಟ್ಟಾಯಿತು.

ತಪಾಸಣೆಯ ದಿನ ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಮುರಿದ ಗೆರೆಯ ಸುತ್ತ ಮಂಜು ಕವಿದ ಹಾಗೆ ಬಿಳಿ ಕೂತಿತ್ತು. "ಕೂಡಾಕತ್ತೈತಿ. ಇನ್ನ ಓಣ್ಯಾಗ ನಡೀರಿ, ಜೋಡಿ ಒಬ್ಬರು ಇರಲಿ" ಎಂದರು. ನಾನಿ ಆ ಬಿಳಿಯನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಮೆತ್ತಾವರು ಬಂದಾರ" ಎಂದಳು.

ಮರುದಿನ ಮಾಮುವಿನ ಫೋನು ಬಂದಾಗ ಅವಳು ಕಥೆ ಶುರು ಮಾಡಲಿಲ್ಲ.

"ಇನ್ನ ಉಳದದ್ದು ಕಥಿ ಕಡೀಕ. ಕಡೀದು ಫೋನಿನ್ಯಾಗ ಹೇಳೂದಲ್ಲ. ಯಾವಾಗ ಕೆರೂರ ದಾಟ್ತಿ?"

"…ನಾಳೆ ಮುಂಜಾನೆ."

"ಬೇವಿನ ಗಿಡದ ಕೆಳಗ ನಿಲ್ಲು. ಮನಿಗೆ ಬರಬ್ಯಾಡ. ನಾ ಬರ್ತೇನಿ."

ಬೆಳಿಗ್ಗೆ ಅವಳು ರೊಟ್ಟಿಯ ಗಂಟನ್ನು ಫೋನಿನ ಚೀಲದ ಪಕ್ಕಕ್ಕೆ ಕಟ್ಟಿಸಿಕೊಂಡಳು. ಒಂದು ಪಕ್ಕಕ್ಕೆ ನಾನು, ಇನ್ನೊಂದು ಪಕ್ಕಕ್ಕೆ ಸುಂದರವ್ವ. ಅಮ್ಮಿ ಶಾಲೆಗೆ ತಡವಾದರೂ ಪರವಾಗಿಲ್ಲವೆಂದು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹಿಂದೆ ಬಂದಳು. ಓಣಿಯಲ್ಲಿ ಮೂರು ಕಡೆ ಕುರ್ಚಿ ಇಳಿಸಿದಳು, ಮೂರು ಕಡೆಯೂ ನಾನಿ ಕೂರದೆ ಬರೀ ಅದರ ಬೆನ್ನು ಹಿಡಿದು ಉಸಿರು ತೆಗೆದುಕೊಂಡಳು.

"ಕೂಡ್ರಂಗಿಲ್ಲಂದ್ರ ಕುರ್ಚಿ ಮೆರವಣಗಿ ಯಾಕ?" ಎಂದಳು ಸುಂದರವ್ವ.

"ನಿನಗ ತಂದದ್ದು ಅದು. ನಿಂಗ ವಯಸ್ಸಾತು."

ಬೇವಿನ ಮರದ ಕೆಳಗೆ ಲಾರಿ ನಿಂತಿತ್ತು. ಮಾಮು ಅದರ ಮುಂದೆ ತಲೆ ತಗ್ಗಿಸಿ ನಿಂತಿದ್ದ. ನಾನಿ ಅವನ ಹತ್ತಿರ ಹೋಗುವ ಮೊದಲು ಲಾರಿಯ ಹತ್ತಿರ ಹೋಗಿ ಅದರ ಮೂತಿಯ ಮೇಲೆ ಅಂಗೈ ಇಟ್ಟು ನೋಡಿದಳು.

"ಬಂದ ಐತಿ ಅಮ್ಮಾ" ಎಂದ ಮಾಮು. ಆಮೇಲೆ ತಡೆದು ತಡೆದು, "ಆ ಬಚ್ಚಲದ ಕಲ್ಲು… ಇವತ್ತ ಕಿತ್ತ ಒಗೀತೇನಿ" ಎಂದ.

"ಯಾಕ ಒಗೀತಿ? ಕಲ್ಲು ಚಲೋ ಐತಿ. ತಿರಿವಿ ಹಾಕು, ಕೆಳಗಿನ ಮೈ ಒರಟ ಇರತೈತಿ."

"ತಿರಿವಿ ಹಾಕಿದ್ರ ಪಾಲಿಶ್ ಕಾಣಂಗಿಲ್ಲ."

"ನನಗ ಗೊತ್ತಿರತೈತಿ ಕೆಳಗ ಐತಿ ಅಂತ" ಎಂದು ನಾನಿ ಅವನ ಗಡ್ಡಕ್ಕೆ ಹತ್ತಿದ ಕಲ್ಲಿನ ಪುಡಿಯನ್ನು ಸೆರಗಿನಿಂದ ಒರೆಸಿದಳು. ಎಷ್ಟು ಒರೆಸಿದರೂ ಮುಗಿಯಲಿಲ್ಲ. ಅವನು ಚಿಕ್ಕ ಹುಡುಗನ ಹಾಗೆ ಮುಖ ಮುಂದೆ ಮಾಡಿ ನಿಂತಿದ್ದ.

ಹುಲ್ಲಪ್ಪ ಕೇಳದೇ ಎಲ್ಲರಿಗೂ ಚಹಾ ತಂದುಕೊಟ್ಟ. ಸುಂದರವ್ವ ಕುರ್ಚಿಯ ಮೇಲೆ ಕೂತಳು. ನಾನಿ ವಾಕರು ಬಿಟ್ಟು ಒಂದು ಕೈ ಲಾರಿಯ ಮೇಲೆ, ಒಂದು ಕೈ ಮಗನ ತೋಳಿನ ಮೇಲೆ ಇಟ್ಟು ನಿಂತೇ ಇದ್ದಳು. ಬಿಸಿಲು ಚೆನ್ನಾಗಿ ಏರಿತ್ತು.

"ರಾಣಿ ಮಂಚದಿಂದ ಕಾಲು ಕೆಳಗ ಇಟ್ಳು" ಎಂದು ಶುರು ಮಾಡಿದಳು. "ನೆಲ ತಣ್ಣಗಿತ್ತು. ಮೊದಲ ಹೆಬ್ಬಟ್ಟ ಇಟ್ಳು. ಆಮ್ಯಾಲೆ ಉಳಿದ ಬೆರಳು. ಕಂಬದಾಗ ಒಬ್ಬಾಂವ ಗ್ವಾಡಿಗೆ ಕಿವಿ ಹಚ್ಚಿದಾಂವ ಇದ್ದ ನೋಡು, ಅಂವಗ ನಿದ್ದಿ ಹತ್ತಿತ್ತು…"

ಇದು ಒಂದೇ ಉಸಿರಿನಲ್ಲಿ ದಾಟುವ ಜಾಗವಲ್ಲ ಎಂದು ನನಗೆ ತಿಳಿಯಿತು. ಬಾಗಲಕೋಟೆಯ ಬಸ್ಸು ಬಂದು ನಿಂತು ಹಾರ್ನು ಹಾಕಿತು. ಕಂಡಕ್ಟರು ಬಾಗಿಲಲ್ಲಿ ನಿಂತು ಬರ್ತೀಯಾ ಎಂದು ಕೈ ಮಾಡಿದ. ನಾನು ಇಲ್ಲವೆಂದು ತಲೆಯಾಡಿಸಿ ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮಾಮು ಹೂಂ ಎಂದ.